ಹುಟ್ಟಿದ ಮನೆಗೊಂದು ಕ್ರಯಪತ್ರ

ಹುಟ್ಟಿ ಬೆಳೆದ ಮನೆಯ ಒಂದು ಪಾಲನ್ನು ಮಗನೋ ಮಗಳೋ ತಂದೆತಾಯಿಗಳಿಗೆ ಹಣ ಕೊಟ್ಟು ಕ್ರಯಕ್ಕೆ ಕೊಳ್ಳುವುದೆಂಬ ಮಾತು ನಮ್ಮ ಹಿರಿಯರ ಕಿವಿಗೆ ಇಂದಿಗೂ ಅಪಶ್ರುತಿಯಾಗಿಯೇ ಕೇಳಿಸುವುದು. "ಮಕ್ಕಳಿಗೆ ಮನೆ ಮಾರುವುದುಂಟೇನೋ? ನಾಳೆ ಹೇಗಿದ್ದರೂ ನಿಮ್ಮದೇ ಅಲ್ಲವೇ?" ಎಂದು ತಂದೆ ನಕ್ಕುಬಿಡುವನು, "ದುಡ್ಡಿನ ಮಾತು ಯಾಕಪ್ಪ ಈಗ" ಎಂದು ತಾಯಿ ಎದ್ದು ಒಳಗೆ ಹೋಗುವಳು, ಆ ನಾಳೆಯೆಂಬುದು ಬಂದಾಗ ಮನೆ ಯಾರ್ಯಾರಿಗೆ ಎಷ್ಟೆಷ್ಟು ಸೇರುವುದೆಂಬ ಲೆಕ್ಕವನ್ನು ಮಾತ್ರ ಯಾರೂ ಕುಳಿತು ಹಾಕಿ ನೋಡುವುದಿಲ್ಲ. ಹೀಗಿದ್ದರೂ ಇಂಥ ಕ್ರಯಗಳು ನಮ್ಮ ನಗರಗಳಲ್ಲಿ ಈಗ ಅಪೂರ್ವವಲ್ಲ. ಅದಕ್ಕೆ ಕಾರಣವನ್ನು ದೂರ ಹುಡುಕಬೇಕಾದುದೂ ಇಲ್ಲ. ಬೆಂಗಳೂರಿನಲ್ಲಿ 1945ರಲ್ಲಿ ಹುಟ್ಟಿದ ನಗರ ಸುಧಾರಣಾ ವಿಶ್ವಸ್ತ ಮಂಡಳಿ ಸಿ.ಐ.ಟಿ.ಬಿ.ಯಿಂದಲೋ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಿ.ಡಿ.ಎ.ಯಿಂದಲೋ, ಒಂದು ಗೃಹನಿರ್ಮಾಣ ಸಹಕಾರ ಸಂಘದಿಂದಲೋ ನಿವೇಶನ ಹಂಚಿಕೆಯಾಗಿ, ಸಾಲಸೋಲ ಮಾಡಿ ಗುಮಾಸ್ತನೋ ಉಪಾಧ್ಯಾಯನೋ ಕಟ್ಟಿಕೊಂಡ ಮನೆಗೆ ಇಂದು ಅವನು ಜೀವಮಾನದುದ್ದಕ್ಕೂ ಪಡೆದ ಸಂಬಳವನ್ನೆಲ್ಲ ಕೂಡಿದರೂ ಸಾಟಿಯಾಗದ ಬೆಲೆ ಬಂದಿರುವುದುಂಟು. ಗೋಡೆ ಕೋಟಿ ಬಾಳುವುದು. ಆಸ್ಪತ್ರೆಯ ಖರ್ಚಿಗೆ ಕೈಯಲ್ಲಿ ಹಣವಿರುವುದಿಲ್ಲ. ಇತ್ತ ಮಗನಿಗೆ ಮೇಲಂತಸ್ತು ಕಟ್ಟುವ ಆಸೆ. ಆದರೆ ಮನೆಯಲ್ಲಿ ತನ್ನ ಹೆಸರಿಲ್ಲದೆ ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುವರು. ಈ ಎರಡು ಅಗತ್ಯಗಳು ಒಂದೇ ಸೂರಿನ ಕೆಳಗೆ ಸಂಧಿಸಿದಾಗ ಪಾಲನ್ನು ಕೊಳ್ಳುವ ಮಾತು ತಾನಾಗಿ ಎದ್ದು ನಿಲ್ಲುವುದು.

ಈ ವ್ಯವಹಾರದಲ್ಲಿ ಬೆಲೆ ಎಷ್ಟೆಂಬ ಪ್ರಶ್ನೆಗಿಂತ ಮೊದಲು ಕೇಳತಕ್ಕದ್ದು ಮನೆ ಯಾರದೆಂಬ ಪ್ರಶ್ನೆ. ಇದನ್ನು ಕುರಿತು ಭಾರತದ ಬಹುಭಾಗಕ್ಕೆ ಉತ್ತರವನ್ನು ಬರೆದುಕೊಟ್ಟವನು ನಮ್ಮ ನಾಡಿನವನೇ ಎಂಬುದನ್ನು ಇಲ್ಲಿ ಸ್ಮರಿಸಿದರೆ ಅಪ್ರಸ್ತುತವಾಗಲಾರದು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿ, ಪಿತ್ರಾರ್ಜಿತ ಸ್ವತ್ತಿನಲ್ಲಿ ಪುತ್ರನಿಗೆ ಹುಟ್ಟಿನಿಂದಲೇ ಹಕ್ಕು ಬರುವುದೆಂದು ಪ್ರತಿಪಾದಿಸಿದನು. ತಂದೆಯ ಮರಣದ ಅನಂತರವಲ್ಲದೆ ಪುತ್ರನಿಗೆ ಸ್ವಾಮ್ಯವಿಲ್ಲವೆಂದು ಬಂಗಾಳದ ಜೀಮೂತವಾಹನನು 'ದಾಯಭಾಗ'ದಲ್ಲಿ ಸಾರಿದನಾದರೂ, ಆ ಮತವು ಪೂರ್ವದ ಸೀಮೆಯಲ್ಲಿಯೇ ನಿಂತಿತು. ಉಳಿದ ದೇಶವೆಲ್ಲ ಬಹುಮಟ್ಟಿಗೆ ಕಲ್ಯಾಣದ ಪಂಡಿತನನ್ನೇ ಅನುಸರಿಸಿತು. ಆದಕಾರಣ ಹಿಂದೂ ಕುಟುಂಬವೊಂದರಲ್ಲಿ ಮನೆಯು ನಿಜವಾಗಿ ಪಿತ್ರಾರ್ಜಿತವಾಗಿದ್ದರೆ, ಕೊಳ್ಳಹೊರಟ ಮಗನು ಅದರ ಒಂದಂಶಕ್ಕೆ ಆಗಲೇ ಒಡೆಯನಾಗಿರುವನು. ತನ್ನದನ್ನೇ ತಾನು ಹಣ ಕೊಟ್ಟು ಕೊಳ್ಳುವ ವಿಚಿತ್ರ ಸ್ಥಿತಿ ಅವನದಾಗುವುದು. ತಂದೆಯೂ ಆ ಮನೆಯನ್ನು ತನ್ನದೊಂದೇ ಎಂಬಂತೆ ಒಬ್ಬ ಮಗನಿಗೆ ಬರೆದುಕೊಡಲು ಶಕ್ತನಲ್ಲ. ಅಲ್ಲಿ ಬೇಕಾದುದು ಮೊದಲು ವಿಭಾಗಪತ್ರ, ಆಮೇಲೆ ಬೇಕಾದರೆ ಕ್ರಯ.

ಆದರೆ ಜನ ಪಿತ್ರಾರ್ಜಿತವೆಂದು ಕರೆಯುವುದೆಲ್ಲ ಪಿತ್ರಾರ್ಜಿತವಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದುದು 1956ರ ಜೂನ್ 17ರಂದು. ಅದರ ಅನಂತರ ತಾತನು ಉಯಿಲು ಬರೆಯದೆ ತೀರಿಕೊಂಡು, ಅವನ ಸ್ವಯಾರ್ಜಿತವಾದ ಮನೆ ತಂದೆಗೆ ಬಂದಿದ್ದರೆ, ತಂದೆ ಅದನ್ನು ಪಡೆದದ್ದು ತನ್ನ ಸ್ವಂತ ಸ್ವತ್ತಾಗಿಯೇ. ಮೊಮ್ಮಕ್ಕಳಿಗೆ ಅದರಲ್ಲಿ ಜನ್ಮಸಿದ್ಧವಾದ ಪಾಲಿಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಚಂದರ್ ಸೇನ್ ಎಂಬವರ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. "ಅಜ್ಜನ ಕಾಲದ ಮನೆ, ನನಗೂ ಹಕ್ಕಿದೆ" ಎಂದು ಜಗಲಿಯ ಮೇಲೆ ಕುಳಿತು ವಾದಿಸುವ ಮೊಮ್ಮಗನಿಗೆ ಈ ತೀರ್ಪಿನ ವಾಸನೆಯೂ ಇರುವುದಿಲ್ಲ. ತಂದೆ ಸ್ವಂತ ಗಳಿಕೆಯಿಂದ ಕಟ್ಟಿದ ಮನೆಯಂತೂ ಸರಿಯೇ ಸರಿ. ತಾಯಿಯ ಹೆಸರಿನಲ್ಲಿ ಕೊಂಡ ಸ್ವತ್ತು ಆಕೆಯ ಸ್ವತಂತ್ರ ಧನ. ಇಂಥ ಮನೆಯನ್ನು ಅವರು ತಮಗಿಷ್ಟ ಬಂದ ಮಗುವಿಗೆ ಮಾರಬಹುದು, ದಾನ ಮಾಡಬಹುದು. ಉಳಿದವರು ಬೇಸರಪಡಬಹುದೇ ಹೊರತು ತಡೆಯಲಾರರು. ಮುಸ್ಲಿಂ ಕುಟುಂಬಗಳಲ್ಲಿ ಹುಟ್ಟಿನಿಂದ ಬರುವ ಹಕ್ಕೆಂಬುದೇ ಇಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಅನ್ವಯಿಸುವುದು. ಅವರಲ್ಲಿ ಬದುಕಿರುವ ತಂದೆತಾಯಿಗಳು ತಮ್ಮ ಸ್ವತ್ತಿಗೆ ಪೂರ್ಣ ಒಡೆಯರು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ಬೇರೆಯೇ ಇದೆ. ಮನೆ ತಂದೆಯ ಸ್ವಯಾರ್ಜಿತವೆನ್ನೋಣ. ಅವನು ಉಯಿಲು ಬರೆಯದೆ ಕಾಲವಾದನು. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಉಳಿದರು. ಮರಣಪತ್ರ, ವಂಶವೃಕ್ಷಗಳನ್ನು ಲಗತ್ತಿಸಿ ಅರ್ಜಿ ಕೊಟ್ಟು ಖಾತೆಯನ್ನು ತಾಯಿಯ ಹೆಸರಿಗೆ ಮಾಡಿಸಲಾಯಿತು. ಅಂದಿನಿಂದ ಕಂದಾಯದ ರಸೀದಿ ಆಕೆಯ ಹೆಸರಿಗೇ ಬರುತ್ತಿದೆ. ಮನೆಯವರೆಲ್ಲರೂ ಇದು ಅಮ್ಮನ ಮನೆಯೆಂದೇ ನಂಬಿದ್ದಾರೆ. ಹತ್ತು ವರ್ಷಗಳ ಅನಂತರ ಮಗನು ಎಂಬತ್ತು ಲಕ್ಷ ಕೊಟ್ಟು ತಾಯಿಯಿಂದ ಮನೆಯನ್ನು ಕೊಂಡನು. ಅವನು ಕೊಂಡದ್ದೆಷ್ಟು? ನಾಲ್ಕರಲ್ಲಿ ಒಂದು ಪಾಲು. ಖಾತೆಯು ತೆರಿಗೆ ಕಟ್ಟತಕ್ಕವರು ಯಾರೆಂದು ತೋರಿಸುವ ದಾಖಲೆಯೇ ಹೊರತು ಸ್ವಾಮ್ಯವನ್ನು ಹುಟ್ಟಿಸುವ ಪತ್ರವಲ್ಲ. ತಂದೆ ಕಣ್ಣು ಮುಚ್ಚಿದ ಗಳಿಗೆಯಲ್ಲಿಯೇ ಮನೆ ತಾಯಿಗೂ ಮೂವರು ಮಕ್ಕಳಿಗೂ ಸಮನಾಗಿ ಸೇರಿಹೋಗಿತ್ತು; ತಂದೆಯ ತಾಯಿಯೂ ಆಗ ಬದುಕಿದ್ದರೆ ಐದು ಪಾಲಾಗುತ್ತಿತ್ತು. ತಾಯಿಯ ಕಾಲು ಪಾಲೂ ತನ್ನ ಕಾಲು ಪಾಲೂ ಕೂಡಿ ಮಗನ ಕೈಗೆ ಅರ್ಧ ಮನೆ ಬಂದಿತು. ಉಳಿದರ್ಧವು ಅಕ್ಕತಂಗಿಯರದಾಗಿಯೇ ಉಳಿಯಿತು, ಅವನು ಕೊಟ್ಟ ಎಂಬತ್ತು ಲಕ್ಷವು ಇಡೀ ಮನೆಯ ಬೆಲೆಯಾಗಿತ್ತೆಂಬುದನ್ನು ನ್ಯಾಯಾಲಯವೇನೂ ಕನಿಕರದಿಂದ ನೋಡುವುದಿಲ್ಲ. ಇಂಥಲ್ಲಿ ಕ್ರಯಕ್ಕೆ ಮುಂಚೆ ಹೆಣ್ಣುಮಕ್ಕಳಿಂದ ಹಕ್ಕು ಖುಲಾಸೆ ಪತ್ರವನ್ನು ಬರೆಯಿಸಿ ನೋಂದಾಯಿಸಿಕೊಳ್ಳಬೇಕು, ಇಲ್ಲವೆ ಅವರನ್ನೂ ಮಾರುವವರನ್ನಾಗಿ ಸೇರಿಸಿ ಅವರ ಪಾಲಿನ ಹಣವನ್ನು ಅವರಿಗೇ ಸಲ್ಲಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ರಾಜ್ಯವು ದೇಶದ ಕಾನೂನಿಗಿಂತ ಮುಂದೆ ಹೆಜ್ಜೆಯಿಟ್ಟಿತೆಂಬುದು ಹೆಮ್ಮೆಯ ಸಂಗತಿ. ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಂದು ಜಾರಿಗೆ ಬಂದು, ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ಕೊಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂದು ಮದುವೆಯ ಭೇದವನ್ನೂ ಅಳಿಸಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದುದೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯ ತೀರ್ಪು ಕೊನೆಯ ಸಂದೇಹವನ್ನೂ ತೊಡೆಯಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಈಗ ಕೆದಕುವಂತಿಲ್ಲ. "ಮದುವೆಗೆ ಖರ್ಚು ಮಾಡಿದ್ದೇವಲ್ಲ, ಒಡವೆ ಹಾಕಿದ್ದೇವಲ್ಲ" ಎಂಬ ಉತ್ತರವು ಹಬ್ಬದ ಊಟದ ಪಂಕ್ತಿಯಲ್ಲಿ ಸಲ್ಲಬಹುದು; ದಾವೆಯಲ್ಲಿ ಸಲ್ಲದು.

ಮನೆಯ ಒಡೆತನವು ಹೀಗೆ ತಿಳಿಯಾದ ಮೇಲೆ ಯಾವ ಪತ್ರವೆಂಬ ವಿಚಾರ ಬರುವುದು. ಹಣ ಕೈಬದಲಾಯಿಸಿದರೆ ಕ್ರಯಪತ್ರ. ಪ್ರತಿಫಲವಿಲ್ಲದೆ ಪ್ರೀತಿಯಿಂದ ಕೊಟ್ಟರೆ ದಾನಪತ್ರ. ಆಗಲೇ ಪಾಲುದಾರನಾದವನು ಇನ್ನೊಬ್ಬ ಪಾಲುದಾರನಿಗೆ ಬಿಟ್ಟುಕೊಟ್ಟರೆ ಖುಲಾಸೆ ಪತ್ರ. ಇವುಗಳ ಖರ್ಚಿನಲ್ಲಿ ಅಜಗಜಾಂತರವಿರುವುದೇ ಎಲ್ಲ ಚಾತುರ್ಯಗಳಿಗೂ ಮೂಲ. ಉದಾಹರಣೆಗೆ ಮೈಸೂರಿನಲ್ಲಿ 1 ಕೋಟಿ 20 ಲಕ್ಷ ಬಾಳುವ ಮನೆಯ ಅರ್ಧವನ್ನು ಮಗಳು 60 ಲಕ್ಷಕ್ಕೆ ಕೊಂಡಳೆನ್ನಿ. ಮುದ್ರಾಂಕ ಶುಲ್ಕ ಶೇಕಡ 5ರಂತೆ 3 ಲಕ್ಷ. ಆ ಶುಲ್ಕದ ಮೇಲೆ ಶೇಕಡ 10ರ ಸೆಸ್ 30,000. ನಗರಪ್ರದೇಶದ ಶೇಕಡ 2ರ ಅಧಿಭಾರ 6,000. 2025ರ ಆಗಸ್ಟ್ 31ರಿಂದ ಶೇಕಡ 2ಕ್ಕೆ ಏರಿರುವ ನೋಂದಣಿ ಶುಲ್ಕ 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 56 ಸಾವಿರ ರೂಪಾಯಿ. ತಂದೆ ಅದೇ ಅರ್ಧವನ್ನು ಮಗಳಿಗೆ ದಾನವಾಗಿ ಬರೆದರೆ, ಕುಟುಂಬದೊಳಗಿನ ದಾನಕ್ಕೆ ಸರ್ಕಾರವು ರಿಯಾಯಿತಿ ತೋರಿ ನಿಗದಿಮಾಡಿರುವ ಕೆಲವು ಸಾವಿರಗಳಲ್ಲಿಯೇ ಕೆಲಸ ಮುಗಿಯುವುದು.

ಇಲ್ಲಿಯೇ ಒಬ್ಬ ಬುದ್ಧಿವಂತ ಬಂಧುವಿನ ಪ್ರವೇಶವಾಗುವುದು ರೂಢಿ. "ಹಣ ಒಳಗೊಳಗೇ ಕೊಟ್ಟುಬಿಡಿ, ಪತ್ರ ಮಾತ್ರ ದಾನವೆಂದು ಮಾಡಿಸಿ" ಎಂದು ಅವನು ಹೇಳುವನು. ನಾಲ್ಕು ಲಕ್ಷದ ಆಸೆಗೆ ಎಲ್ಲರೂ ತಲೆದೂಗುವರು. ನನ್ನ ದೃಷ್ಟಿಯಲ್ಲಿ ಈ ವ್ಯವಹಾರದಲ್ಲಿ ಇದಕ್ಕಿಂತ ಕೆಟ್ಟ ಸಲಹೆ ಮತ್ತೊಂದಿಲ್ಲ. ದಾನಪತ್ರದಲ್ಲಿ ಪ್ರೀತಿ ವಿಶ್ವಾಸಗಳಲ್ಲದೆ ಬೇರೆ ಪ್ರತಿಫಲವಿಲ್ಲವೆಂದು ಬರೆದು ರುಜು ಹಾಕಿದ ಮೇಲೆ, ಮಗಳು ಕೊಟ್ಟ 60 ಲಕ್ಷಕ್ಕೆ ಲೋಕದಲ್ಲಿ ಯಾವ ನೆಲೆಯೂ ಇರುವುದಿಲ್ಲ. ಹತ್ತು ವರ್ಷಗಳ ತರುವಾಯ ಅಣ್ಣನು "ನಿನಗೆ ಅಪ್ಪ ಅರ್ಧ ಮನೆಯನ್ನು ಪುಕ್ಕಟೆ ಕೊಟ್ಟರು, ಉಳಿದದ್ದು ನನಗಿರಲಿ" ಎಂದಾಗ ಅವಳ ಬಳಿ ತೋರಿಸಲು ಒಂದು ಚೂರು ಕಾಗದವೂ ಇರುವುದಿಲ್ಲ. ನಿಜವಾದ ಪ್ರತಿಫಲವನ್ನು ಮರೆಮಾಚಿ ಶುಲ್ಕ ತಪ್ಪಿಸುವುದು ಮುದ್ರಾಂಕ ಕಾಯಿದೆಯ ಕಣ್ಣಿಗೆ ಅಪರಾಧವೆಂಬುದು ಬೇರೆ ಮಾತು. ಇದರ ವಿಪರ್ಯಾಸವೂ ಅಷ್ಟೇ ಅಪಾಯಕರ: ಹಣವನ್ನೇ ಕೊಡದೆ, ಅಥವಾ ಬೆಳಿಗ್ಗೆ ಚೆಕ್ಕಿನಲ್ಲಿ ಕೊಟ್ಟು ಸಂಜೆ ಹಿಂದಕ್ಕೆ ಪಡೆದು, ಕ್ರಯಪತ್ರವೆಂದು ಬರೆಸಿಕೊಂಡರೆ, ಅದು ನಟನೆಯ ಕ್ರಯವೆಂದು ಉಳಿದ ಮಕ್ಕಳು ದಾವೆ ಹೂಡಲು ದಾರಿ ತೆರೆದಂತಾಯಿತು.

ಬೆಲೆಯನ್ನು ಗೊತ್ತುಮಾಡುವಾಗ ಮನೆಯವರು ತಮ್ಮ ಊಹೆಗೆ ಬಿಡದೆ ಹೊರಗಿನ ಮೌಲ್ಯಮಾಪಕನೊಬ್ಬನಿಂದ ಬರೆಹದಲ್ಲಿ ಅಂದಾಜನ್ನು ಪಡೆಯುವುದು ಲೇಸು. ತಂದೆ ಸಂಕೋಚಪಟ್ಟು ಕಡಿಮೆ ಹೇಳುವನು. ಮಗ ಆ ಸಂಕೋಚವನ್ನೇ ಒಪ್ಪಿಗೆಯೆಂದು ತಿಳಿಯುವನು. ಕೊರತೆಯನ್ನು ಎಣಿಸುವವರು ಉಳಿದ ಮಕ್ಕಳು. ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಇಳಿಸಿ ಬರೆದರೂ ಮುದ್ರಾಂಕ ಶುಲ್ಕವೇನೂ ತಗ್ಗುವುದಿಲ್ಲ. ಆದಾಯ ತೆರಿಗೆಯವರೂ ಆ ಮಾರ್ಗಸೂಚಿಯನ್ನೇ ಹಿಡಿದು, ಅಂತರವು ಶೇಕಡ 10ನ್ನು ಮೀರಿದರೆ, ತಂದೆಗೆ ಬಾರದ ಹಣವನ್ನೂ ಬಂದಿತೆಂದು ಭಾವಿಸಿ ಬಂಡವಾಳ ಲಾಭದ ತೆರಿಗೆ ಹಾಕುವರು. ಈ ತೆರಿಗೆಯನ್ನು ಮರೆಯುವವರು ಬಹಳ: ದಾನದಲ್ಲಿ ಇದು ಹುಟ್ಟುವುದಿಲ್ಲ, ಕ್ರಯದಲ್ಲಿ ಹುಟ್ಟುವುದು, ಅದರ ಹೊರೆ ಮಾರುವ ತಂದೆತಾಯಿಗಳ ಮೇಲೆ ಬೀಳುವುದು. ದರ ಶೇಕಡ 12.5; 2024ರ ಜುಲೈ 23ಕ್ಕೆ ಮುಂಚೆ ಪಡೆದ ಮನೆಯಾದರೆ ಬೆಲೆಯೇರಿಕೆಯ ಸೂಚ್ಯಂಕವನ್ನು ಕಳೆದು ಶೇಕಡ 20ರಂತೆ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದುದನ್ನು ಕಟ್ಟುವ ಅವಕಾಶವಿದೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವ ಮಗನೇ ಶೇಕಡ 1ನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟತಕ್ಕದ್ದು; ಮಾರುವವರು ಹೆತ್ತವರೆಂಬುದಕ್ಕೆ ಇಲ್ಲಿ ವಿನಾಯಿತಿಯಿಲ್ಲ. ಸ್ವತ್ತಿನ ವ್ಯವಹಾರದಲ್ಲಿ 20,000 ರೂಪಾಯಿಗಳನ್ನು ಮುಟ್ಟುವ ನಗದನ್ನು ಕಾನೂನು ನಿಷೇಧಿಸಿರುವುದರಿಂದ ಹಣವೆಲ್ಲ ಬ್ಯಾಂಕಿನ ಮೂಲಕವೇ ಸಾಗಬೇಕು.

ಪತ್ರದಲ್ಲಿ ಏನಿರುವುದೆಂಬುದನ್ನು ಒಮ್ಮೆ ಕಣ್ಣಿಟ್ಟು ನೋಡುವುದು ಒಳ್ಳೆಯದು. ಪತ್ರ ಬರಹಗಾರನ ಕರಡಿನಲ್ಲಿ "ಸದರಿ ಸ್ವತ್ತಿನ ಪೈಕಿ ಅವಿಭಾಜ್ಯ ಅರ್ಧ ಹಿಸ್ಸೆಯನ್ನು" ಎಂಬ ಒಂದು ಸಾಲಿರುವುದು. ಕೆಳಗೆ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ ಎಂದು ಚಕ್ಕುಬಂದಿ ಇರುವುದು. ಆ ಚಕ್ಕುಬಂದಿ ಇಡೀ ಮನೆಯದು. ಎಂದರೆ ಕೊಂಡವನಿಗೆ ಬಂದದ್ದು ಮುಂಭಾಗದ ಅರ್ಧವೂ ಅಲ್ಲ, ಹಿತ್ತಿಲ ಕಡೆಯ ಅರ್ಧವೂ ಅಲ್ಲ. ನಡುಮನೆ, ಅಡುಗೆಮನೆ, ದೇವರ ಗೂಡು, ತುಳಸಿಕಟ್ಟೆ, ಪ್ರತಿಯೊಂದರಲ್ಲಿಯೂ ಅವನಿಗೆ ಅರ್ಧ, ತಂದೆತಾಯಿಗಳಿಗೆ ಅರ್ಧ. ಮೇಲಂತಸ್ತು ತನಗೆ, ಕೆಳಗಿನದು ಅವರಿಗೆ ಎಂಬ ಉದ್ದೇಶವಿದ್ದರೆ ಅದನ್ನು ಅಳತೆಯೊಡನೆ, ಮೆಟ್ಟಿಲು, ನೀರಿನ ತೊಟ್ಟಿ, ತಾರಸಿಗಳ ಉಪಯೋಗದೊಡನೆ ಬಿಡಿಸಿ ಬರೆಯಿಸಬೇಕು. ಪಾಲೇನನ್ನೂ ಕೊಳ್ಳದೆ, ತಂದೆಯ ಮನೆಯ ಮೇಲೆ ಸ್ವಂತ ಹಣದಿಂದ ಅಂತಸ್ತು ಎಬ್ಬಿಸಿದ ಮಗನ ಪಾಡು ಇನ್ನೂ ಶೋಚನೀಯ. ಹಣ ಹಾಕಿದ ಮಾತ್ರದಿಂದ ಅವನಿಗೆ ಒಡೆತನ ಬರುವುದಿಲ್ಲ. ಪಾಲುದಾರರಲ್ಲಿ ಒಬ್ಬನು ಮುಂದೆ ಮುನಿದು ತನ್ನ ಪಾಲನ್ನು ಹೊರಗಿನವನಿಗೆ ಮಾರಿಬಿಟ್ಟರೇನು ಗತಿ ಎಂಬ ಭಯಕ್ಕೆ ಮಾತ್ರ ಹಳೆಯ ಕಾನೂನಿನಲ್ಲಿಯೇ ಸಮಾಧಾನವಿದೆ: ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಅನ್ಯನಿಗೆ ಒಳಗೆ ಬಂದು ಸಹವಾಸ ಮಾಡುವ ಹಕ್ಕಿಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ, ಅವನು ವಿಭಾಗಕ್ಕೆ ದಾವೆ ಹೂಡಿದರೆ ಮನೆಯವರೇ ಬೆಲೆ ಕಟ್ಟಿಸಿ ಆ ಪಾಲನ್ನು ಕೊಳ್ಳಬಹುದೆಂದು 1893ರ ವಿಭಾಗ ಕಾಯಿದೆಯೂ ಹೇಳುತ್ತವೆ.

ಈವರೆಗೆ ಕೊಳ್ಳುವವನ ಹಿತವನ್ನು ಹೇಳಿದೆ. ಮಾರುವವರ ಹಿತವು ಅದಕ್ಕಿಂತ ಮುಖ್ಯವೆಂದು ನಾನು ಎಣಿಸುತ್ತೇನೆ. ಎಪ್ಪತ್ತು ದಾಟಿದ ದಂಪತಿಗಳು ಮನೆಯನ್ನು ಪೂರ್ತಿಯಾಗಿ ಬರೆದುಕೊಟ್ಟು, ಆಮೇಲೆ ಅದೇ ಮನೆಯಲ್ಲಿ ಸೊಸೆಯ ಮುಖ ನೋಡಿ ಕಾಫಿಗೆ ಕಾಯುವ ಸ್ಥಿತಿಗೆ ಬಂದ ಕಥೆಗಳು ಯಾವ ಬೀದಿಯಲ್ಲಿಲ್ಲ? 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ರಕ್ಷಣೆಯ ಕಾಯಿದೆಯ 23ನೆಯ ವಿಧಿಯಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಸ್ವತ್ತನ್ನು ಪಡೆದವನು ಹಾಗೆ ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಯು ಆ ವರ್ಗಾವಣೆಯನ್ನೇ ರದ್ದುಪಡಿಸಬಹುದು. ಆದರೆ ಷರತ್ತು ಇತ್ತೆಂಬುದು ತೋರಿಬರಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು ಕಾಯಿದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದೂ, ಮನೆಯ ಸ್ವಾಧೀನವನ್ನು ಅವರಿಗೆ ಮರಳಿ ಕೊಡಿಸುವ ಅಧಿಕಾರ ನ್ಯಾಯಮಂಡಳಿಗಿದೆಯೆಂದೂ ತೀರ್ಪಿತ್ತಿತು. ಆದುದರಿಂದ ತಂದೆತಾಯಿಗಳಿಬ್ಬರಿಗೂ ಜೀವನಪರ್ಯಂತ ಅದೇ ಮನೆಯಲ್ಲಿ ವಾಸದ ಹಕ್ಕು, ಅನ್ನ ವಸ್ತ್ರ ಚಿಕಿತ್ಸೆಗಳ ಹೊಣೆ, ಇವನ್ನು ಪತ್ರದಲ್ಲಿಯೇ ಬರೆಯಿಸುವುದು ಮಗನ ಮೇಲಣ ಅಪನಂಬಿಕೆಯಲ್ಲ. ಬಂದ ಹಣವೂ ಅವರ ಹೆಸರಿನ ಠೇವಣಿಯಲ್ಲಿಯೇ ಇರಲಿ. ಮಗನ ವ್ಯಾಪಾರಕ್ಕೆ ಕೈಗಡವಾಗಿ ಮರಳಿ ಹೋಗುವುದು ಬೇಡ.

ಹಣ ತಂದೆತಾಯಿಗಳ ಹೆಸರಿನಲ್ಲಿಯೇ ನಿಲ್ಲಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಉಂಟು. ಸ್ವಂತ ಮನೆಯ ಅರ್ಧವನ್ನು ಹಿರಿಯ ಮಗನಿಗೆ 60 ಲಕ್ಷಕ್ಕೆ ಮಾರಿದ ತಂದೆ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳನ್ನು ಬಿಟ್ಟು ಉಯಿಲಿಲ್ಲದೆ ತೀರಿಕೊಂಡರೆ, ಉಳಿದರ್ಧವು ನಾಲ್ವರಿಗೆ ಎಂಟನೆಯ ಒಂದರಂತೆ ಹೋಗುವುದು. ಮುಂದೆ ತಾಯಿಯ ಕಾಲಾನಂತರ ಹಿರಿಯನಿಗೆ ಮನೆಯ ಮೂರನೆಯ ಎರಡು ಭಾಗ, ಉಳಿದಿಬ್ಬರಿಗೆ ಆರನೆಯ ಒಂದೊಂದು ಭಾಗ ಸೇರುವುದು. ಇದು ಅನ್ಯಾಯದಂತೆ ತೋರಿದರೂ ಅಲ್ಲ. ಏಕೆಂದರೆ ಆ 60 ಲಕ್ಷದಲ್ಲಿ ಖರ್ಚಾಗದೆ ಉಳಿದುದೂ ಹಾಗೆಯೇ ಎಲ್ಲರಿಗೂ ಹಂಚಿಕೆಯಾಗುವುದು. ಹಣದ ಸುಳಿವೇ ಇಲ್ಲದಿದ್ದಾಗ ಮಾತ್ರ ಈ ಲೆಕ್ಕ ಕಹಿಯಾಗುವುದು. ಉಳಿಸಿಕೊಂಡ ಅರ್ಧಕ್ಕೆ ತಂದೆತಾಯಿಗಳು ಕ್ರಯದ ಜೊತೆಜೊತೆಗೇ ಉಯಿಲು ಬರೆದಿಟ್ಟರೆ ಈ ಭಿನ್ನರಾಶಿಗಳ ತೊಡಕೂ ಇರುವುದಿಲ್ಲ.

ವಿದೇಶದಲ್ಲಿರುವ ಮಕ್ಕಳ ವಿಷಯ ಎರಡು ಮಾತು. ಅನಿವಾಸಿಗಳೂ ಸಾಗರೋತ್ತರ ಪೌರತ್ವದ ಚೀಟಿಯುಳ್ಳವರೂ ಊರಿನ ವಾಸದ ಮನೆಯಲ್ಲಿ ಪಾಲು ಕೊಳ್ಳಬಹುದು. ಕೃಷಿಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಆದಕಾರಣ ಮಲೆನಾಡಿನ ಅಡಕೆ ತೋಟದ ನಡುವಣ ಮನೆಯನ್ನು ಅಮೆರಿಕದ ಮಗನು ತಂದೆಯಿಂದ ಕ್ರಯಕ್ಕೆ ಪಡೆಯಹೊರಟರೆ ಅದು ಕೂಡಿಬರುವುದಿಲ್ಲ; ಉತ್ತರಾಧಿಕಾರದಿಂದ ಬಂದರೆ ಬೇರೆ ಮಾತು. ಅಲ್ಲಿಂದ ಕಳುಹಿಸುವ ಅಧಿಕಾರಪತ್ರವು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು.

ಇನ್ನುಳಿದುದು ಕಚೇರಿಯ ಕೆಲಸ. 2024ರ ಅಕ್ಟೋಬರಿನಿಂದ ನಮ್ಮ ರಾಜ್ಯದ ಪಟ್ಟಣಗಳಲ್ಲಿ ಇ-ಖಾತೆಯಿಲ್ಲದೆ ನೋಂದಣಿ ನಡೆಯುವುದಿಲ್ಲವಾದ್ದರಿಂದ ಅದನ್ನು ಮೊದಲೇ ಮಾಡಿಸಿಡಬೇಕು; ಋಣಭಾರ ಪತ್ರವನ್ನು (ಇಸಿ) ತೆಗೆಸಿ ಹಳೆಯ ಅಡಮಾನವೇನಾದರೂ ತೀರದೆ ಉಳಿದಿದೆಯೇ ಎಂದು ನೋಡಬೇಕು; ಪತ್ರಕ್ಕೆ ರುಜುವಾದ ನಾಲ್ಕು ತಿಂಗಳೊಳಗೆ ಸಬ್‌ರಿಜಿಸ್ಟ್ರಾರರ ಮುಂದೆ ಹಾಜರುಪಡಿಸಬೇಕು. ಮೆಟ್ಟಿಲು ಹತ್ತಲಾರದ ತಾಯಿಯನ್ನು ಕುರ್ಚಿಯಲ್ಲಿ ಹೊತ್ತು ಕಚೇರಿಗೆ ಕೊಂಡೊಯ್ಯುವ ದೃಶ್ಯವನ್ನು ಕಂಡವರಿದ್ದೀರಿ, ಅದರ ಅಗತ್ಯವಿಲ್ಲ. ಅಶಕ್ತರಾದವರ ಮನೆಗೇ ಅಧಿಕಾರಿ ಬಂದು ಪತ್ರವನ್ನು ಸ್ವೀಕರಿಸಲು 1908ರ ನೋಂದಣಿ ಕಾಯಿದೆಯಲ್ಲಿ ಅವಕಾಶವಿದೆ, ಅರ್ಜಿ ಕೊಟ್ಟು ಶುಲ್ಕ ಕಟ್ಟಿದರಾಯಿತು. ನೋಂದಣಿಯ ದಿನ ಗೊತ್ತುಮಾಡುವುದಕ್ಕೆ ಮುಂಚೆ ಕರಡಿನ ಒಂದೊಂದು ಪ್ರತಿಯನ್ನು ಎಲ್ಲ ಮಕ್ಕಳಿಗೂ, ವಿಶೇಷವಾಗಿ ಮದುವೆಯಾಗಿ ಹೊರಗಿರುವ ಹೆಣ್ಣುಮಕ್ಕಳಿಗೆ, ಕಳುಹಿಸಿಕೊಡಿರಿ. ಅವರ ಉತ್ತರ ಬಂದ ಮೇಲೆ ರುಜು ಹಾಕಿರಿ.